ಇಂಗ್ಲಿಷ್‌ನಲ್ಲಿ ಹೈಫನ್ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ನಿಮ್ಮ ರೆಸ್ಯೂಮ್‌ನಲ್ಲಿ 'ಫುಲ್ ಟೈಮ್', 'ವೆಲ್ ನೋನ್' ತರಹದ ಜೋಡಿ ಪದಗಳಿಗೆ ಒಬ್ಬರು ಹೈಫನ್ ಹಾಕಿಸಿದರು, ಇನ್ನೊಬ್ಬರು ತೆಗೆಸಿದರು, ಯಾರ ಮಾತು ಸರಿ ಅಂತ ಕೇಳಿದ್ದೀರಿ. ಇಬ್ಬರದೂ ಸರಿ ಇರಬಹುದು. ಆ ಜೋಡಿ ವಾಕ್ಯದಲ್ಲಿ ಎಲ್ಲಿ ಕೂತಿದೆ ಅನ್ನುವುದನ್ನು ನೋಡಬೇಕು.

ನಾನು ಧಾರವಾಡದ ಸಪ್ತಾಪುರದಲ್ಲಿ ಪರೀಕ್ಷೆಗೆ ಓದುವ ಹುಡುಗರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಮೊದಲ ಉದಾಹರಣೆ ನಮ್ಮ ಹುಬ್ಬಳ್ಳಿ ರೈಲ್ವೆ ಸ್ಟೇಷನ್‌ನದೇ. 2023ರಲ್ಲಿ ಉದ್ಘಾಟನೆಯಾದ ಅಲ್ಲಿನ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ ಇದೆ. 'ದ ಪ್ಲಾಟ್‌ಫಾರ್ಮ್ ಈಸ್ 1,507 ಮೀಟರ್ಸ್ ಲಾಂಗ್' ಅಂದರೆ ಹೈಫನ್ ಬೇಡ. ಅದನ್ನೇ ನಾಮಪದಕ್ಕಿಂತ ಮೊದಲು ತಂದರೆ 'ಅ 1,507-ಮೀಟರ್-ಲಾಂಗ್ ಪ್ಲಾಟ್‌ಫಾರ್ಮ್' ಆಗುತ್ತದೆ. ಎರಡು ಹೈಫನ್ ಬಂದವು, 'ಮೀಟರ್ಸ್'ನ ಎಸ್ ಹೋಯಿತು. ಈ ಎಸ್ ನಮ್ಮವರಿಗೆ ಕಷ್ಟ ಆಗಬಾರದು. ನಾವೂ 'ಐದು ವರ್ಷದ ಹುಡುಗ' ಅನ್ನುತ್ತೇವೆ, 'ಐದು ವರ್ಷಗಳ ಹುಡುಗ' ಅನ್ನುವುದಿಲ್ಲ ಅಲ್ವಾ? 'ಫೈವ್-ಇಯರ್-ಓಲ್ಡ್ ಬಾಯ್' ಕೂಡ ಹಾಗೇ.

ಹೈಫನ್ ಸುಮ್ನೆ ಅಲಂಕಾರಕ್ಕೆ ಇಲ್ಲ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಒಂದು 'ಓಲ್ಡ್ ಸ್ಯಾರಿ ಶಾಪ್' ಇದೆ ಅಂತ ಬರೆದರೆ ಹಳೆಯದು ಯಾವುದು, ಅಂಗಡಿಯೋ ಸೀರೆಯೋ? 'ಓಲ್ಡ್-ಸ್ಯಾರಿ ಶಾಪ್' ಅಂದರೆ ಹಳೆ ಸೀರೆ ಮಾರುವ ಅಂಗಡಿ. 'ಓಲ್ಡ್ ಸ್ಯಾರಿ-ಶಾಪ್' ಅಂದರೆ ಸೀರೆ ಮಾರುವ ಹಳೆಯ ಅಂಗಡಿ. ಒಂದು ಸಣ್ಣ ಗೆರೆ ಜಾಗ ಬದಲಿಸಿದರೆ ಆ ವ್ಯಾಪಾರಿಯ ಮಾಲೇ ಬದಲಾಗುತ್ತದೆ! ಓದುವವರಿಗೆ ಗೊಂದಲ ಆಗುತ್ತದೆಯೇ ಅಂತ ಮೊದಲು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಉಳಿದ ನಿಯಮಗಳಿಗಿಂತ ಈ ಪ್ರಶ್ನೆಯೇ ದೊಡ್ಡದು. 'ಹೈ ಸ್ಕೂಲ್ ಸ್ಟೂಡೆಂಟ್' ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ, ಅಲ್ಲಿ ಬಿಟ್ಟರೂ ನಡೆಯುತ್ತದೆ.

'ಫ್ರೆಶ್ಲಿ ಮೇಡ್ ಪೇಡಾ', 'ಹೈಲಿ ಸ್ಕಿಲ್ಡ್ ವರ್ಕರ್' ಇವಕ್ಕೆ ಹೈಫನ್ ಬೇಡ. 'ಲಿ'ಯಿಂದ ಮುಗಿಯುವ ಕ್ರಿಯಾವಿಶೇಷಣ ತಾನು ಯಾವ ಪದಕ್ಕೆ ಸೇರಿದ್ದು ಅಂತ ತಾನೇ ಹೇಳುತ್ತದೆ. ಆದರೆ 'ಫ್ಯಾಮಿಲಿ-ಓನ್ಡ್ ಶಾಪ್'ಗೆ ಬೇಕು. 'ಫ್ಯಾಮಿಲಿ' ಲಿಯಿಂದ ಮುಗಿದರೂ ನಾಮಪದ. ಬ್ಯಾಂಕ್ ಪರೀಕ್ಷೆ ಬರೆಯುವವರು ಇದನ್ನು ಗಮನಿಸಿ.

ನಿಘಂಟುಗಳೂ ಬದಲಾಗುತ್ತವೆ. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ನಿಘಂಟು ಸುಮಾರು 16,000 ಪದಗಳಿಂದ ಹೈಫನ್ ತೆಗೆದುಹಾಕಿತು. ಅವು ಹೆಚ್ಚಾಗಿ 'ಐಸ್ ಕ್ರೀಮ್' ತರಹದ ನಾಮಪದಗಳು. ನೀವು ಕೇಳಿದ ವಿಶೇಷಣಗಳ ಹೈಫನ್ ಇನ್ನೂ ಗಟ್ಟಿಯಾಗಿದೆ.

ಈಗ ನಿಮ್ಮ ರೆಸ್ಯೂಮ್. 'ಐ ವರ್ಕ್ ಫುಲ್ ಟೈಮ್' ಅಂತ ಇದ್ದರೆ ಹಾಗೇ ಬಿಡಿ, 'ಅ ಫುಲ್-ಟೈಮ್ ಜಾಬ್' ಅಂತ ಇದ್ದರೆ ಹೈಫನ್ ಹಾಕಿ. 'ಅ ವೆಲ್-ನೋನ್ ಕಂಪನಿ'ಗೂ ಹಾಕಿ. 'ಫೈವ್ ಇಯರ್ಸ್ ಎಕ್ಸ್‌ಪೀರಿಯನ್ಸ್' ಅಂತ ಬರೆದಿದ್ದರೆ ಅಲ್ಲಿ ಹೈಫನ್ ಬೇಡ, ಎಸ್ ಆದ ಮೇಲೆ ಅಪಾಸ್ಟ್ರಫಿ ಬೇಕು. ಅದೂ ತಲೆನೋವು ಅನಿಸಿದರೆ 'ಫೈವ್ ಇಯರ್ಸ್ ಆಫ್ ಎಕ್ಸ್‌ಪೀರಿಯನ್ಸ್' ಅಂತ ಬರೆಯಿರಿ.