ಸಕಾಗುಚಿ ಅವರಿಗೆ ನೊಬೆಲ್ ಯಾಕೆ ಬಂತು?

ಹಾಸನದಲ್ಲಿ ಬಿಎಸ್ಸಿ ಓದುವ ನಿಮ್ಮ ಮಗಳು ಕೇಳಿದ್ದು ಒಳ್ಳೆ ಪ್ರಶ್ನೆ ಸರ್. ಜಪಾನಿನ ಪ್ರೊಫೆಸರ್ ಶಿಮೋನ್ ಸಕಾಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಯಾಕೆ ಬಂತು, ತಾನೂ ಇಮ್ಯುನಾಲಜಿ (ರೋಗನಿರೋಧಕ ಶಕ್ತಿಯ ಅಧ್ಯಯನ) ಓದಬಹುದಾ ಅಂತ, ಅಲ್ವಾ?

ಹುಟ್ಟಿ ಮೂರು ದಿನವಾದ ಇಲಿಮರಿಯ ಎದೆಯಲ್ಲಿರುವ ಥೈಮಸ್ ಗ್ರಂಥಿ ತೆಗೆದರೆ ಅದರ ರೋಗನಿರೋಧಕ ಶಕ್ತಿ ಅದರ ಮೈಮೇಲೆಯೇ ತಿರುಗಿಬೀಳುತ್ತಿತ್ತು. ಆದರೆ ಆರೋಗ್ಯವಾಗಿರುವ ಇಲಿಯ ಟಿ ಸೆಲ್ (ಥೈಮಸ್‌ನಲ್ಲಿ ಬಲಿಯುವ, ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಕೊಟ್ಟರೆ ಆ ಕಾಯಿಲೆ ಬರುತ್ತಿರಲಿಲ್ಲ. ಅಂದರೆ ಟಿ ಸೆಲ್‌ಗಳಲ್ಲೇ ಕೆಲವು ಉಳಿದವನ್ನು ಹದ್ದುಬಸ್ತಿನಲ್ಲಿ ಇಡುತ್ತವೆ. ಆಗ ಜಾಸ್ತಿ ಜನ ಇದನ್ನು ನಂಬಲಿಲ್ಲ. ಸಕಾಗುಚಿ ಅವರು ಪಟ್ಟು ಬಿಡದೆ, 1995ರಲ್ಲಿ ಸೆಲ್‌ನ ಮೇಲ್ಮೈಯಲ್ಲಿರುವ ಸಿಡಿ25 ಎಂಬ ಪ್ರೋಟೀನಿನ ಗುರುತು ಹಿಡಿದು ಆ ಹದ್ದುಬಸ್ತಿನ ಸೆಲ್‌ಗಳನ್ನು ತೋರಿಸಿಕೊಟ್ಟರು. ನೊಬೆಲ್ ಬಂದದ್ದು ಈ ಕೆಲಸಕ್ಕೇ. ನನಗೆ ತುಂಬಾ ಹಿಡಿಸೋದು ಆ ಹಟವೇ.

ಮಗಳು ಖಂಡಿತ ಓದಬಹುದು. ಬಿಎಸ್ಸಿ ಕೊನೆ ವರ್ಷದಲ್ಲಿ ಜಾಮ್ (ಎಂಎಸ್ಸಿಯಂಥ ಕೋರ್ಸ್‌ಗಳಿಗೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ) ಬರೆಯಲಿ. ಬೆಂಗಳೂರಿನ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್‌ಡಿಗೆ (ಬಿಎಸ್ಸಿ ಆದಮೇಲೆ ಸ್ನಾತಕೋತ್ತರ ಓದು, ಪಿಎಚ್‌ಡಿ ಎರಡೂ ಒಟ್ಟಿಗೆ) ಅದೇ ದಾರಿ.