ಸ್ವಿಪಲ್ ಅಂದರೆ ಬಡಿಯುವ ತುಂಡು
ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಹಳೇ ರೈತನ ಸಾಮಾನು ಪಟ್ಟಿಯಲ್ಲಿ ‘ಸ್ವಿಪಲ್’ ಅಂತ ಇದೆ, ಏನದು ಅಂತ ಕೇಳಿದ್ದೀರಿ. ಅದು ತೆನೆ ಬಡಿದು ಕಾಳು ಉದುರಿಸುವ ಫ್ಲೇಲ್ ಅನ್ನೋ ಕೈಸಾಧನದ ಒಂದು ಭಾಗ. ಕೈಯಲ್ಲಿ ಹಿಡಿಯುವ ಉದ್ದ ಕೋಲು ಹ್ಯಾಂಡ್‌ಸ್ಟಾಫ್, ಜಾಸ್ತಿ ಆಶ್ ಮರದ್ದು. ಅದರ ತುದಿಗೆ ತೊಗಲಿನ ಪಟ್ಟಿಯಿಂದಲೋ ಈಲ್ ಮೀನಿನ ಚರ್ಮದಿಂದಲೋ ಸಡಿಲವಾಗಿ ಕಟ್ಟಿದ ಗಿಡ್ಡ, ಗಟ್ಟಿ ತುಂಡೇ ಸ್ವಿಪಲ್. ಕೋಲು ಬೀಸಿದಾಗ ಅದು ತಲೆಯ ಮೇಲೆ ತಿರುಗಿ, ನೆಲದಲ್ಲಿ ಹರಡಿದ ತೆನೆಗಳ ಮೇಲೆ ಉದ್ದಕ್ಕೂ ಚಪ್ಪಟೆಯಾಗಿ ಬೀಳಬೇಕು, ಸುಮ್ನೆ ತುದಿ ತಾಗಿದರೆ ಕಾಳು ಸರಿಯಾಗಿ ಉದುರುವುದಿಲ್ಲ. ಅಷ್ಟು ಸಣ್ಣ ತುಂಡಿಗೂ ಒಂದು ಹೆಸರು, ಎಷ್ಟು ಚೆಂದ ಅಲ್ವಾ? ಬೇರೆ ಕಡೆ ಇದನ್ನೇ ಸ್ವಿಂಗಲ್ ಅನ್ನುತ್ತಿದ್ದರು. ಜೋಸೆಫ್ ರೈಟ್ ಅವರ ಇಂಗ್ಲಿಷ್ ಉಪಭಾಷೆಗಳ ನಿಘಂಟು (1898–1905, 6 ಸಂಪುಟ) ತೆಗೆದು ನೋಡಿ. ಪಟ್ಟಿಯ ಉಳಿದ ಪದಗಳನ್ನೂ ದಯವಿಟ್ಟು ಹಾಕಿ.