ತಮ್ಮನ ಸಾಲ, ಪೇತ್ರನ ಪ್ರಶ್ನೆ

ಬಂಗಾರಪೇಟೆಯ ನಿವೃತ್ತ ಶಿಕ್ಷಕಿಯೊಬ್ಬರು ಬರೆಯುತ್ತಾರೆ: "ಕೊಳವೆಬಾವಿ ಕೊರೆಸಲು ನನ್ನ ತಮ್ಮ ನನ್ನಿಂದ ಎರಡು ಲಕ್ಷ ರೂಪಾಯಿ ಪಡೆದ. ನೀರೂ ಬೀಳಲಿಲ್ಲ, ಹಣವೂ ಮರಳಲಿಲ್ಲ. ಕೇಳಿದ್ದಕ್ಕೆ ಮಾತು ಬಿಟ್ಟ. ಮಗಳ ಮದುವೆಗೂ ಕರೆಯಲಿಲ್ಲ. ಈಗ ಅವನಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಆಗಬೇಕು, ಜೊತೆಗೆ ಹೋಗುವವರಿಲ್ಲ ಎಂದು ಅವನ ಹೆಂಡತಿ ಹೇಳಿ ಕಳಿಸಿದ್ದಾಳೆ. ಷರತ್ತಿಲ್ಲದೆ ಪ್ರೀತಿಸಿ ಎಂದು ನಮ್ಮ ಸಭಾಪಾಲಕರು ಪ್ರಸಂಗ ಮಾಡುತ್ತಾರೆ. ಇನ್ನೆಷ್ಟು ಸಲ? ಹೋದರೆ ಸಾಲದ ಮಾತು ಎತ್ತಬಹುದೇ?"

ಸಹೋದರಿ, 'ಇನ್ನೆಷ್ಟು ಸಲ' ಎಂದು ಮೊದಲು ಕೇಳಿದವರು ನೀವಲ್ಲ, ಯೇಸುಸ್ವಾಮಿಯ ಶಿಷ್ಯ ಪೇತ್ರ. ತಪ್ಪು ಮಾಡಿದ ಸಹೋದರನನ್ನು ಕ್ಷಮಿಸಲು ಏಳು ಸಲ ಸಾಕೇ ಎಂದು ಧಾರಾಳವಾಗಿ ಒಂದು ಸಂಖ್ಯೆಯನ್ನೂ ಆತ ಮುಂದಿಟ್ಟಿದ್ದ. ಏಳೆಪ್ಪತ್ತು ಸಲ ಎಂದ ಯೇಸುಸ್ವಾಮಿ ಅದರ ಬೆನ್ನಿಗೇ ಹೇಳಿದ್ದು ಸಾಲದ ಕಥೆಯನ್ನೇ: ಹತ್ತು ಸಾವಿರ ತಲಾಂತುಗಳ ಸಾಲವನ್ನು ಒಡೆಯನಿಂದ ಮನ್ನಾ ಮಾಡಿಸಿಕೊಂಡ ಸೇವಕನೊಬ್ಬ ಹೊರಗೆ ಬಂದವನೇ, ತನಗೆ ನೂರು ದಿನಾರಿ ಕೊಡಬೇಕಿದ್ದ ಜೊತೆಯಾಳಿನ ಕುತ್ತಿಗೆ ಹಿಡಿದ. ದಿನಾರಿ ಎಂದರೆ ಆ ಕಾಲದ ಒಂದು ದಿನದ ಕೂಲಿ, ಒಂದು ತಲಾಂತು ಎಂದರೆ ಅಂಥ ಸಾವಿರಾರು ದಿನಾರಿ. ನೂರು ದಿನದ ಕೂಲಿ ಕಡಿಮೆಯೇನಲ್ಲ, ನಿಮ್ಮ ಎರಡು ಲಕ್ಷವೂ ಕಡಿಮೆಯಲ್ಲ. ಕಥೆ ಅದನ್ನು ಕಡಿಮೆ ಎನ್ನುವುದೂ ಇಲ್ಲ. ಪಕ್ಕದಲ್ಲಿ ಇನ್ನೊಂದು ಮೊತ್ತವನ್ನು ಇಟ್ಟು ತೋರಿಸುತ್ತದೆ, ಅಷ್ಟೆ.

ನಿಮ್ಮ ಕಡೆಯ ನ್ಯಾಯವನ್ನು ಮೊದಲೇ ಒಪ್ಪಿಬಿಡುತ್ತೇನೆ. ಪ್ರೀತಿಯೆಂದರೆ ಮೋಸಕ್ಕೆ ಕೊಟ್ಟ ಪರವಾನಗಿಯಲ್ಲ. ಮಹಾಯಾಜಕನ ಎದುರು ಕೆನ್ನೆಗೆ ಏಟು ಬಿದ್ದಾಗ ಯೇಸುಸ್ವಾಮಿಯೂ ಸುಮ್ಮನಿರಲಿಲ್ಲ, ನನ್ನನ್ನು ಯಾಕೆ ಹೊಡೆಯುತ್ತೀ ಎಂದು ಕೇಳಿದರು. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಜೀವಂತ ಸುಟ್ಟವರನ್ನು ಕ್ಷಮಿಸಿದ ಗ್ಲಾಡಿಸ್ ಸ್ಟೇನ್ಸ್ ನ್ಯಾಯಾಲಯದ ಬಾಗಿಲು ಮುಚ್ಚಿ ಎನ್ನಲಿಲ್ಲ. ಕಾನೂನು ತನ್ನ ದಾರಿಯಲ್ಲಿ ನಡೆಯಿತು, ಆಕೆ ಕುಷ್ಠರೋಗಿಗಳ ಸೇವೆಯಲ್ಲಿ ಇನ್ನೂ ಹಲವು ವರ್ಷ ಅಲ್ಲೇ ಉಳಿದರು. ಆದ್ದರಿಂದ ಮತ್ತೆ ಎರಡು ಲಕ್ಷ ಕೊಡಿ ಎಂದು ನಾನು ಹೇಳುವುದಿಲ್ಲ.

ಆದರೆ ನಿಮ್ಮ ಪತ್ರದ ಒಂದು ಸಂಗತಿ ನನ್ನನ್ನು ಕಾಡಿತು. ಇಲ್ಲಿ ಅಚ್ಚು ಮಾಡಿರುವುದು ಅದರ ಸಾರ ಮಾತ್ರ. ಮೂಲದಲ್ಲಿ ನೀವು ಹಣ ಕೊಟ್ಟ ತಾರೀಖು, ಕಂತು, ಮದುವೆಯ ದಿನ, ಕರೆ ಬಾರದ ಹಬ್ಬಗಳು, ಎಲ್ಲವನ್ನೂ ಸಾಲಾಗಿ ಬರೆದಿದ್ದೀರಿ. ಹಾಜರಿ ಪುಸ್ತಕದ ಅಭ್ಯಾಸ ಇರಬೇಕು! ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹದಿಮೂರನೆಯ ಅಧ್ಯಾಯವನ್ನು ನೀವು ಮದುವೆಗಳಲ್ಲಿ ಎಷ್ಟೋ ಸಲ ಕೇಳಿದ್ದೀರಿ. ಪ್ರೀತಿಯು ಅಪಕಾರವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ ಎಂದು ನಾವು ಓದುವ ಕಡೆ, ಗ್ರೀಕ್ ಮೂಲದಲ್ಲಿರುವ ಕ್ರಿಯಾಪದವನ್ನು ಲೆಕ್ಕ ಬರೆಯುವವರೂ ಬಳಸುತ್ತಿದ್ದರು. ಕೆಟ್ಟದ್ದನ್ನು ಖಾತೆಗೆ ಹಚ್ಚುವುದಿಲ್ಲ ಎಂಬುದು ಅದರ ಧ್ವನಿ. ಅದೇ ಪೌಲನು ಒನೇಸಿಮ ಎಂಬ ದಾಸನ ಪರವಾಗಿ ಅವನ ಒಡೆಯ ಫಿಲೆಮೋನನಿಗೆ ಬರೆಯುವಾಗ, ಅವನು ಏನಾದರೂ ಬಾಕಿ ಕೊಡಬೇಕಿದ್ದರೆ ನನ್ನ ಲೆಕ್ಕಕ್ಕೆ ಬರೆದುಕೋ, ನಾನು ತೀರಿಸುತ್ತೇನೆ ಎಂದು ಸ್ವಂತ ಕೈಬರಹದಲ್ಲಿ ಸೇರಿಸಿದ. ಲೆಕ್ಕ ಗೊತ್ತಿಲ್ಲದ ಸಾಧುವಿನ ಮಾತಲ್ಲ ಇದು.

ಕೋಲಾರದಲ್ಲಿ ನಲ್ಲಿಯ ನೀರಿಗಾಗಿ ದಿನ ಎಣಿಸುತ್ತಿದ್ದ ಕಾಲದಲ್ಲಿ ನಮ್ಮ ಪಕ್ಕದ ಮನೆಯಾಕೆ ನಮ್ಮ ಚರಂಡಿಯ ಮೇಲೆ ದೂರು ಕೊಟ್ಟಿದ್ದರು. ಮುಂದೆ ಆಕೆಗೆ ಮಂಡಿನೋವು ಹೆಚ್ಚಾಗಿ ಕೊಡ ಎತ್ತಲಾಗದಂತಾದಾಗ, ನನ್ನ ತಾಯಿ ನೀರು ಬಂದ ದಿನ ಮೊದಲು ಪೈಪನ್ನು ಆಕೆಯ ಡ್ರಮ್ಮಿಗೆ ಹಾಕುತ್ತಿದ್ದರು. ಧನ್ಯವಾದ ಬರಲಿಲ್ಲ, ಪೈಪು ಸೋರಿ ಅಂಗಳ ಕೆಸರಾಯಿತೆಂಬ ಬೈಗುಳ ಬಂತು. ನಾನು ರೇಗಿದೆ. "ನಾನು ನೀರು ಬಿಟ್ಟಿದ್ದು ಡ್ರಮ್ಮಿಗೆ ಕಣೋ, ಆಯಮ್ಮನ ಬಾಯಿಗಲ್ಲ" ಎಂದರು ತಾಯಿ. ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ದೇವರು ಮಳೆ ಸುರಿಸುತ್ತಾನೆಂಬ ಪರ್ವತ ಪ್ರಸಂಗದ ಮಾತು ಬೆಂಗಳೂರಿನವರಿಗೆ ಟ್ರಾಫಿಕ್ಕನ್ನು ನೆನಪಿಸಬಹುದು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಮ್ಮ ಜಿಲ್ಲೆಯವರಿಗೆ, ವೈರಿಯ ಹೊಲಕ್ಕೂ ಮಳೆ ಬೀಳಲಿ ಎನ್ನುವುದು ಎಂಥ ಕಷ್ಟದ ಪ್ರಾರ್ಥನೆಯೆಂದು ಬಿಡಿಸಿ ಹೇಳಬೇಕಾಗಿಲ್ಲ.

ಖಾತೆಯ ಈ ಚಾಳಿ ನಿಮ್ಮೊಬ್ಬರದಲ್ಲ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂದು ಓದುವ ಆಲಯದಲ್ಲೇ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ತಿರುಗುತ್ತಿರುತ್ತದೆ. ಕೊರೊನಾ ಕಾಲದಲ್ಲಿ ಐದು ಕೆಜಿ ಅಕ್ಕಿಯ ಚೀಲವೊಂದನ್ನು ಏಳು ಜನ ಹಿಡಿದು, ಪಡೆಯುವ ಮುದುಕಿಯನ್ನು ಕ್ಯಾಮೆರಾದತ್ತ ತಿರುಗಿಸಿ ತೆಗೆಸಿದ ಫೋಟೋಗಳು ಈ ಕಚೇರಿಗೆ ಪ್ರಕಟಣೆಗೆಂದು ಬರುತ್ತಿದ್ದವು. ನಾನು ಒಂದನ್ನೂ ಹಾಕಲಿಲ್ಲ. ಮೂರು ಚಂದಾ ನಿಂತವು. ಮೆಥೋಡಿಸ್ಟ್ ಮಿಷನ್ನಿನವರು ಕಟ್ಟಿದ ಕೋಲಾರದ ಆಸ್ಪತ್ರೆಗೂ ಎಲೆನ್ ಥೋಬರ್ನ್ ಕೋವೆನ್ ಎಂಬ ಹೆಸರಿದೆಯಲ್ಲ ಎಂದು ಯಾರಾದರೂ ನನ್ನನ್ನು ಕೇಳಬಹುದು. ಇದೆ, ಅದು ಸ್ಮಾರಕ. ಆದರೆ ಊರಿನ ಬಾಯಲ್ಲಿ ಅದು ಇ.ಟಿ.ಸಿ.ಎಂ. ಆಗಿ ಹೋಗಿದೆ; ಅಲ್ಲಿ ಮಕ್ಕಳನ್ನು ಹೆತ್ತು ಮನೆಗೆ ಬಂದ ತಾಯಂದಿರಲ್ಲಿ ಆ ನಾಲ್ಕು ಅಕ್ಷರಗಳನ್ನು ಬಿಡಿಸಿ ಹೇಳಬಲ್ಲವರನ್ನು ನಾನಂತೂ ಕಂಡಿಲ್ಲ. ಯಾರೂ ಅವರನ್ನು ಹಾಗೆ ಕೇಳಿದ್ದೂ ಇಲ್ಲ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಸಾಲದ ಮಾತನ್ನು ನೀವಾಗಿ ಎತ್ತಬೇಡಿ. ತಮ್ಮನೇ ಎತ್ತಿದರೆ ತಡೆಯಲೂ ಬೇಡಿ. ಆತನಿಗೂ ಹೇಳಿಕೊಳ್ಳುವುದು ಇರಬಹುದು. ನಿಮ್ಮನ್ನು ಈಗ ಕೇಳಿರುವುದು ಹಣವನ್ನಲ್ಲ, ಜೊತೆಯನ್ನು. ವಾರದ ಎರಡು ದಿನವೂ ಆಗದಿದ್ದರೆ ಒಂದು ದಿನ ಹೋಗಿ. ಡಯಾಲಿಸಿಸ್ ಮುಗಿಯಲು ನಾಲ್ಕು ಗಂಟೆ ಹಿಡಿಯುತ್ತದೆ. ಊಟದ ಡಬ್ಬಿಯನ್ನೂ ಓದಲು ಏನನ್ನಾದರೂ ಒಯ್ಯಿರಿ, ಆ ತಾರೀಖಿನ ಪಟ್ಟಿಯೊಂದನ್ನು ಬಿಟ್ಟು.